ಕಾಡಿನಿಂದ ಬಂದ ಮೇಲೆ

ಕಾಡಿನ ಶಿಬಿರದಲ್ಲಿ ಸವಿಯಲು ಸಿಗುವ ಸಂಗತಿಗಳಲ್ಲಿ ನಾನು ಮೊದಲ ಮಣೆ ಹಾಕುವುದು ಕತ್ತಲೆಗೆ. ಊರಿಗೆ ಮರಳಿದ ಕೂಡಲೇ ಜನ ಹುಲಿ ಕಂಡಿತೇ, ಆನೆ ಕಂಡಿತೇ ಎಂದು ವಿಚಾರಿಸುತ್ತಾರೆ. ಕತ್ತಲೆ ಹೇಗಿತ್ತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳಲು ನನ್ನಲ್ಲಿ ಬಹಳ ಇದೆ.

ದಾಂಡೇಲಿಯಿಂದ ಅಂಬಿಕಾನಗರದ ದಾರಿಯಲ್ಲಿ ಕುಳಗಿ ಎಂಬ ಊರಿದೆ. ಅಲ್ಲಿ ಅರಣ್ಯ ಇಲಾಖೆಯ ನಿಸರ್ಗ ಶಿಬಿರ; ಸುತ್ತಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಮೊದಲು ದಾಂಡೇಲಿ-ಅಣಶಿ ಎಂದು ಕರೆಯುತ್ತಿದ್ದ ಈ ಕಾಡಿಗೆ 2015ರಿಂದ ನದಿಯ ಹೆಸರು. ರಾತ್ರಿ ಊಟ ಮುಗಿದು, ಅಡುಗೆಮನೆಯ ದೀಪವೂ ಆರಿದ ಮೇಲೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರಬೇಕು. ಮೊದಲಿಗೆ ಏನೂ ಇಲ್ಲ. ಬರೀ ಕಪ್ಪು. ಕಣ್ಣಿನೊಳಗೆ ಮಂದ ಬೆಳಕನ್ನು ಹಿಡಿಯಲೆಂದೇ ಇರುವ ಕೋಶಗಳು ತಮ್ಮ ಬಣ್ಣದ ದ್ರವ್ಯವನ್ನು ಮತ್ತೆ ತುಂಬಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ನಡುವೆ ಯಾರಾದರೂ ಮೊಬೈಲ್ ತೆರೆದರೆ ಎಲ್ಲರೂ ಮೊದಲಿನಿಂದ ಶುರು ಮಾಡಬೇಕು. ಯಾರೂ ತೆರೆಯದಿದ್ದರೆ, ಆಕಾಶಕ್ಕೂ ಮರಕ್ಕೂ ನಡುವಿನ ಗೆರೆ ಮೊದಲು ಬಿಡಿಸಿಕೊಳ್ಳುತ್ತದೆ. ಆಮೇಲೆ ಕಾಲುದಾರಿಯ ಧೂಳು ತೆಳ್ಳಗೆ ಬೆಳ್ಳಗಾಗುತ್ತದೆ. ಆಮೇಲೆ ಹತ್ತಿರದ ಮತ್ತಿಮರದ ಚೌಕ ಚೌಕವಾಗಿ ಸೀಳಿದ ತೊಗಟೆ. ಕಡೆಗೆ ಮಡಿಲಲ್ಲಿ ಇಟ್ಟುಕೊಂಡ ನಮ್ಮದೇ ಕೈ. ಹೊಸದಾಗಿ ಯಾವ ಬೆಳಕೂ ಬಂದಿರುವುದಿಲ್ಲ. ಇದ್ದ ಬೆಳಕೇ ಸಾಲುವಷ್ಟು ನಾವು ಕೂತಿರುತ್ತೇವೆ, ಅಷ್ಟೇ.

ಧ್ಯಾನದ ಬಗ್ಗೆ ಎಷ್ಟೋ ಪ್ರವಚನ ಕೇಳಿದವನು ನಾನು. ಈ ಅರ್ಧ ಗಂಟೆಯಷ್ಟು ಸರಳವಾಗಿ, ಇಷ್ಟು ಖಚಿತವಾಗಿ ಯಾರೂ ನನಗೆ ಅದನ್ನು ತಿಳಿಸಿಕೊಟ್ಟಿರಲಿಲ್ಲ.

ಕಣ್ಣು ಒಗ್ಗಿದ ಮೇಲೆ ಕಿವಿಯ ಸರದಿ. ಜೀರುಂಡೆಗಳ ಸದ್ದು ಮೊದಲು ಒಂದೇ ಗೋಡೆಯಾಗಿ ಎದುರು ನಿಂತಿರುತ್ತದೆ. ಕೂತಷ್ಟು ಹೊತ್ತು ಕೂತರೆ ಆ ಗೋಡೆಯಲ್ಲಿ ಕಿಂಡಿಗಳು ಕಾಣಿಸುತ್ತವೆ: ಎಡಕ್ಕೊಂದು ದನಿ, ದೂರದಲ್ಲಿ ಇನ್ನೊಂದು ಶ್ರುತಿ, ಅದರಾಚೆ ಒಣಗಿದ ತೇಗದ ಎಲೆ ನೆಲಕ್ಕೆ ಬಿದ್ದ ಸಪ್ಪಳ. ಮಾರ್ಚ್ ತಿಂಗಳ ತೇಗದ ಎಲೆ ಬೀಳುವಾಗ ಯಾರೋ ಕಾಲಿಟ್ಟಷ್ಟೇ ಸದ್ದಾಗುತ್ತದೆ. ಹಾರುವ ಅಳಿಲು ಒಂದು ಮರದಿಂದ ಇನ್ನೊಂದಕ್ಕೆ ತೇಲಿದಾಗ ನಕ್ಷತ್ರಗಳ ಒಂದು ಪಟ್ಟಿ ಕ್ಷಣಹೊತ್ತು ಅಳಿಸಿ ಮತ್ತೆ ಮೂಡುತ್ತದೆ; ಕಂಡದ್ದು ಅಷ್ಟೇ, ಅದು ಸಾಕು. ಒಂದು ರಾತ್ರಿ ಕಣಿವೆಯ ಕಡೆಯಿಂದ ಕಡವೆ ಗಟ್ಟಿಯಾಗಿ ಒಂದೇ ಸಲ ಕೂಗಿತು. ನಾವೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತೆವು. ಎರಡನೆಯ ಕೂಗು ಬರಲಿಲ್ಲ. ಅದು ಬರುತ್ತದೆಯೋ ಇಲ್ಲವೋ ಎಂದು ಕಾದ ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಬೇರೆ ಯಾವ ವಿಚಾರಕ್ಕೂ ಜಾಗ ಇರಲಿಲ್ಲ. ಆಫೀಸಿನ ಚಿಂತೆ, ಸಾಲದ ಕಂತು, ಯಾರೋ ಆಡಿದ ಮಾತು, ಎಲ್ಲವೂ ಹೊರಗೆ ನಿಂತಿದ್ದವು.

ಆದರೆ ಆ ಶಿಬಿರದಿಂದ ನಾನು ನಿಜವಾಗಿ ಹೊತ್ತು ತಂದದ್ದು ಬೆಳಗಿನ ಒಂದು ದೃಶ್ಯವನ್ನು.

ದಾಂಡೇಲಿಯ ಸುತ್ತಮುತ್ತ ನಾಲ್ಕು ಬಗೆಯ ಮಂಗಟ್ಟೆ ಹಕ್ಕಿಗಳಿವೆ. ಪೇಟೆಯ ಮಗ್ಗುಲಿನ ಮರದ ಡಿಪೋದಲ್ಲೇ, ಪೇರಿಸಿಟ್ಟ ದಿಮ್ಮಿಗಳ ಮೇಲಿನ ಮರಗಳಿಗೆ ಅವು ಹಿಂಡಾಗಿ ಬಂದು ಕೂರುವುದನ್ನು ನೋಡಬಹುದು. 2011ರಲ್ಲಿ ಸುಮಾರು 52 ಚದರ ಕಿಲೋಮೀಟರ್ ಕಾಡನ್ನು ಈ ಹಕ್ಕಿಗೆಂದೇ ಸಂರಕ್ಷಿತ ಪ್ರದೇಶವೆಂದು ಸರಕಾರ ಘೋಷಿಸಿತು. ನಾಲ್ಕರಲ್ಲಿ ದೊಡ್ಡ ಮಂಗಟ್ಟೆಯದು ಬೇರೆಯೇ ಗತ್ತು. ಮೂರು ಕಿಲೋ ತೂಗುವ ಹಕ್ಕಿ. ರೆಕ್ಕೆ ಬಿಚ್ಚಿದರೆ ಅದರ ಅಗಲ ಮನುಷ್ಯ ಎರಡು ಕೈ ಚಾಚಿದಷ್ಟರ ಹತ್ತಿರಕ್ಕೆ ಬರುತ್ತದೆ. ಅದು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಬೇರೆ ಹಕ್ಕಿಗಳಿಗೆ ರೆಕ್ಕೆಯ ಅಡಿಯಲ್ಲಿ, ದೊಡ್ಡ ಗರಿಗಳ ಬುಡವನ್ನು ಮುಚ್ಚುವ ಸಣ್ಣ ಗರಿಗಳ ಹೊದಿಕೆ ಇರುತ್ತದೆ. ಮಂಗಟ್ಟೆಗೆ ಆ ಹೊದಿಕೆ ಇಲ್ಲ. ಗಾಳಿ ಗರಿಗಳ ಬುಡದ ಸಂದಿಯಿಂದ ನುಗ್ಗಿ ಹುಶ್ ಹುಶ್ ಎಂದು ಉಸಿರೆಳೆಯುತ್ತದೆ. ಕಾಡು ನಿಶ್ಶಬ್ದವಾಗಿದ್ದರೆ ಆ ಉಸಿರು ಬಹಳ ದೂರದಿಂದ ಕೇಳುತ್ತದೆ.

ಚಳಿಗಾಲ ಮುಗಿಯುತ್ತ ಬಂದ ಹಾಗೆ ಹೆಣ್ಣು ಮಂಗಟ್ಟೆ ದೊಡ್ಡ ಮರವೊಂದರ ಪೊಟರೆಯನ್ನು ಹೊಕ್ಕು, ಒಳಗಿನಿಂದಲೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಮುಚ್ಚಲು ಬಳಸುವುದು ತನ್ನದೇ ಹಿಕ್ಕೆ, ತಿಂದು ಉಳಿದ ಹಣ್ಣಿನ ಗಷ್ಟು. ಅದು ಒಣಗಿ ಗಾರೆಯಷ್ಟೇ ಗಟ್ಟಿಯಾಗುತ್ತದೆ. ಉಳಿಯುವುದು ಒಂದು ಸಣ್ಣ ಸೀಳು, ಕೊಕ್ಕಿನ ತುದಿ ಆಡುವಷ್ಟು. ಒಳಗೆ ಅದು ಒಂದೋ ಎರಡೋ ಮೊಟ್ಟೆ ಇಟ್ಟು, ಒಂದು ತಿಂಗಳಿಗೂ ಹೆಚ್ಚು ಕಾಲ ಕಾವು ಕೂರುತ್ತದೆ. ಮೊಟ್ಟೆಯೊಡೆದು ಮರಿ ಬಂದ ಮೇಲೂ ವಾರಗಟ್ಟಲೆ ಹೊರಗೆ ಬರುವುದಿಲ್ಲ. ಅಷ್ಟೂ ದಿನ ಆ ಜೀವಗಳ ಅನ್ನ ಹೊರಗಿರುವ ಗಂಡಿನ ಕೊರಳಲ್ಲಿ. ಗಂಡು ಬರದಿದ್ದರೆ ಒಳಗೆ ಊಟವಿಲ್ಲ.

ಶಿಬಿರದ ಗೈಡ್ ಜೋಯಿಡಾ ಕಡೆಯ ಕುಣಬಿ ಹಿರಿಯರು. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಬೆಳಗಿನ ಜಾವ ನಮ್ಮನ್ನು ಕರೆದೊಯ್ದು, ಗೂಡಿನ ತಾರೆಮರದಿಂದ ಬಹಳ ದೂರದಲ್ಲೇ, ಬಿದಿರು ಮೆಳೆಯ ಹಿಂದೆ ಕೂರಿಸಿದರು. ಇನ್ನೂ ಸ್ವಲ್ಪ ಮುಂದೆ ಹೋಗಬಹುದೇ ಎಂದು ನಮ್ಮಲ್ಲೊಬ್ಬರು ಪಿಸುಗುಟ್ಟಿದಾಗ ಅವರು ತಲೆ ಅಲ್ಲಾಡಿಸಿದರು.

“ಬ್ಯಾಡ್ರಿ ಸರ. ನಾವು ಇಲ್ಲಿ ಇಲ್ಲ ಅಂತ ಅದಕ್ಕ ಅನಿಸಬೇಕು. ಆಮ್ಯಾಲ ಬರ್ತೈತಿ.”

ಕೂತೆವು. ಬಿಸಿಲು ತುದಿಯ ಎಲೆಗಳಿಗೆ ಇಳಿಯಿತು. ಮುತ್ತುಗದ ಹೂವೊಂದು ಉದುರಿತು. ಕಾಲಿಗೆ ಜೋಮು ಹಿಡಿಯಿತು. ಕಾಕಾ ಮಾತ್ರ ಕುಕ್ಕರುಗಾಲಲ್ಲಿ ಕೂತವರು ಕೂತ ಹಾಗೇ ಇದ್ದರು, ಉಸಿರಾಡುವುದು ಕೂಡ ಗೊತ್ತಾಗದಂತೆ. ಆಮೇಲೆ ರೆಕ್ಕೆಯ ಆ ಉಸಿರಿನ ಸದ್ದು ಬಂತು. ಗಂಡು ನೇರ ಗೂಡಿಗೆ ಹೋಗಲಿಲ್ಲ. ಪಕ್ಕದ ಮರದಲ್ಲಿ ಇಳಿದು, ಹಳದಿ ಕೊಂಬಿನಂಥ ಶಿರಸ್ತ್ರಾಣವನ್ನು ಆ ಕಡೆ ಈ ಕಡೆ ತಿರುಗಿಸಿ, ಕೆಂಪು ಕಣ್ಣಿನಿಂದ ಕಾಡನ್ನೆಲ್ಲ ಒಮ್ಮೆ ಓದಿಕೊಂಡಿತು. ನಮ್ಮ ಕಡೆಗೂ ನೋಡಿತು. ತುಂಬ ಹೊತ್ತಾದ ಮೇಲೆ ಹಾರಿ, ಪೊಟರೆಯ ಬಾಯಿಗೆ ಕಚ್ಚಿ ನಿಂತಿತು. ತಲೆಯನ್ನು ಹಿಂದಕ್ಕೆ ಒಗೆದು, ಗಂಟಲಿನಿಂದ ಒಂದು ಅತ್ತಿಹಣ್ಣು ತೆಗೆಯಿತು. ಅಷ್ಟುದ್ದದ ಕೊಕ್ಕಿನ ತುದಿಯಲ್ಲಿ ಆ ಪುಟ್ಟ ಹಣ್ಣು ಜಾರದೆ ನಿಂತಿತ್ತು. ಸೀಳಿನ ಬಳಿ ಹಿಡಿಯಿತು. ಒಳಗಿನಿಂದ ಇನ್ನೊಂದು ಕೊಕ್ಕಿನ ತುದಿ ಬಂದು ಅದನ್ನು ತೆಗೆದುಕೊಂಡಿತು. ಮತ್ತೆ ತಲೆ ಹಿಂದಕ್ಕೆ, ಮತ್ತೊಂದು ಹಣ್ಣು. ಮತ್ತೊಂದು. ಎಲ್ಲವನ್ನೂ ಒಟ್ಟಿಗೆ ಸುರಿಯುವ ಮಾತೇ ಇಲ್ಲ. ಒಂದು ಒಳಗೆ ಸೇರಿದ ಮೇಲೆಯೇ ಇನ್ನೊಂದು ಹೊರಗೆ. ಕೊರಳು ಬರಿದಾದ ಮೇಲೂ ಅದು ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಹಾರಿಹೋಯಿತು. ಇದೇ ಕೆಲಸ ದಿನಕ್ಕೆ ಎಷ್ಟೋ ಸಲ, ತಿಂಗಳುಗಟ್ಟಲೆ.

ಆ ಹಣ್ಣಿನ ಹಿಂದೆ ಇನ್ನೊಂದು ಕಥೆ ಇದೆ. ಅತ್ತಿಯ ಹೂವುಗಳು ಕಾಯಿಯ ಹೊಟ್ಟೆಯೊಳಗೇ ಇರುತ್ತವೆ. ಕಾಯಿಯ ತುದಿಯ ಸಣ್ಣ ಕಿಂಡಿಯಿಂದ ನುಸಿಯಷ್ಟು ಚಿಕ್ಕ ಕಣಜ ಒಳಹೊಕ್ಕು ಪರಾಗ ಮುಟ್ಟಿಸಿದರೆ ಮಾತ್ರ ಅದು ಹಣ್ಣು. ಅತ್ತಿಯ ಜಾತಿಯ ಮರಗಳು ಒಂದೇ ಕಾಲಕ್ಕೆ ಹಣ್ಣು ಬಿಡುವುದಿಲ್ಲ. ಕಾಡಿನಲ್ಲಿ ಯಾವುದಾದರೊಂದು ಮರದಲ್ಲಿ ವರ್ಷವಿಡೀ ಹಣ್ಣಿರುತ್ತದೆ. ಬೇರೆ ಮರಗಳು ಕೈಬಿಟ್ಟ ತಿಂಗಳುಗಳಲ್ಲಿ ಮಂಗಟ್ಟೆ, ಕೋತಿ, ಬಾವಲಿ, ಪಾರಿವಾಳಗಳನ್ನೆಲ್ಲ ಸಾಕುವುದು ಈ ಮರಗಳೇ. ಮಂಗಟ್ಟೆ ಹಣ್ಣು ನುಂಗಿ ಬೀಜವನ್ನು ದೂರದಲ್ಲಿ ಉದುರಿಸುತ್ತದೆ, ಅಲ್ಲಿ ಇನ್ನೊಂದು ಮರ. ಕಣಜಕ್ಕೆ ಮರ, ಮರಕ್ಕೆ ಹಕ್ಕಿ, ಹಕ್ಕಿಗೆ ಪೊಟರೆ, ಪೊಟರೆಗೆ ನೂರಾರು ವರ್ಷದ ಇನ್ನೊಂದು ಮರ. ಋಣ ಎಂದರೆ ಏನೆಂದು ಮನೆಯ ಹಿರಿಯರು ಹೇಳಿದ್ದು ನೆನಪಿದೆ. ಕಣ್ಣಾರೆ ಕಂಡದ್ದು ಆ ಬೆಳಗ್ಗೆ.

ಶಿಬಿರದ ಊಟದ ಬಗ್ಗೆ ಒಂದೆರಡು ಮಾತು ಸಾಕು. ಅನ್ನ, ಸಾರು, ಪಲ್ಯ. ಒಂದು ಹೊತ್ತು ಕುಣಬಿ ಮನೆಗಳಿಂದ ಬಂದ ಬೇಯಿಸಿದ ಗೆಡ್ಡೆ. ಜೋಯಿಡಾದ ಕುಣಬಿಗಳು ಗೆಡ್ಡೆ ಗೆಣಸು ಬೆಳೆಯುವುದರಲ್ಲಿ ಹೆಸರಾದವರು, ಅದಕ್ಕೆಂದೇ ಅಲ್ಲಿ ಮೇಳ ನಡೆಯುತ್ತದೆ. ನಡೆದು ದಣಿದವನ ಹಸಿವಿಗೆ ಆ ಬಿಸಿ ಗೆಡ್ಡೆ, ಉಪ್ಪು, ಹಸಿಮೆಣಸು ಕೊಟ್ಟ ರುಚಿಯನ್ನು ಹಬ್ಬದೂಟವೂ ಕೊಟ್ಟಿಲ್ಲ. ತಟ್ಟೆ ತೊಳೆಯುವುದು ನಮ್ಮದೇ ಕೆಲಸ. ಸ್ನಾನಕ್ಕೆ ಒಂದು ಬಕೆಟ್ ನೀರು, ಅದು ಸಾಕಾಗುತ್ತದೆ ಎಂದು ಎರಡನೇ ದಿನಕ್ಕೆ ಗೊತ್ತಾಗುತ್ತದೆ.

ಇಷ್ಟೆಲ್ಲ ಸವಿದು ಬಸ್ಸು ಹತ್ತಿದವರ ಮುಖ ನೋಡಬೇಕು. ತೊಳೆದಿಟ್ಟಂತೆ ಇರುತ್ತದೆ. ಹಳಿಯಾಳ ದಾಟುವ ಹೊತ್ತಿಗೆ ಫೋನುಗಳು ಒಂದೊಂದಾಗಿ ಬೆಳಗುತ್ತವೆ. ವಾರ ಕಳೆಯುವುದರೊಳಗೆ ಕಾಡು ಬರೀ ಫೋಟೊ ಆಗಿರುತ್ತದೆ. ಹೀಗೇಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ಉತ್ತರ ಸಿಕ್ಕಿದ್ದು ನಮ್ಮ ನಡುವಿನದೇ ಒಂದು ಸಂಪ್ರದಾಯವನ್ನು ನೋಡಿದಾಗ.

ಶಬರಿಮಲೆಯೂ ಕಾಡಿನ ನಡುವಿನ ಕ್ಷೇತ್ರ. ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ. ನಮ್ಮ ಊರುಗಳಿಂದ ಪ್ರತಿ ವರ್ಷ ಲೆಕ್ಕವಿಲ್ಲದಷ್ಟು ಜನ ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಕ್ರಮವೇ ಬೇರೆ. ಕಾಡಿಗೆ ಹೋಗುವ 41 ದಿನ ಮೊದಲೇ ಮಾಲೆ ಧರಿಸಿ, ಊರಲ್ಲಿ, ಮನೆಯಲ್ಲಿ, ಅಂಗಡಿಯಲ್ಲಿ ಇದ್ದುಕೊಂಡೇ ವ್ರತ ಹಿಡಿಯುತ್ತಾರೆ. ಹೊತ್ತಿಗೆ ಮುಂಚೆ ತಣ್ಣೀರ ಸ್ನಾನ, ಚಾಪೆಯ ಮೇಲೆ ನಿದ್ದೆ, ಸಿಟ್ಟಿನ ಮಾತಿಗೆ ಕಡಿವಾಣ, ಎದುರಾದವರಿಗೆಲ್ಲ ಸ್ವಾಮಿ ಎಂಬ ಗೌರವ. ನಮ್ಮ ಬಡಾವಣೆಯ ಆಟೊ ಚಾಲಕರೊಬ್ಬರು ಮಾಲೆ ಹಾಕಿದ ದಿನಗಳಲ್ಲಿ ಸಿಗ್ನಲ್ಲಿನಲ್ಲಿ ಹಾರ್ನ್ ಒತ್ತುವುದನ್ನೇ ಬಿಡುತ್ತಿದ್ದರು. ಅಂದರೆ ಕಾಡಿನ ಶಿಸ್ತನ್ನು ಊರಲ್ಲಿ ಬಾಳಬಹುದು ಎಂಬುದಕ್ಕೆ ಸಾಕ್ಷಿ ನಮ್ಮ ಬೀದಿಗಳಲ್ಲೇ ಓಡಾಡುತ್ತಿದೆ. ಅದನ್ನು ಸಾಧ್ಯ ಮಾಡುವುದು ಭಾವನೆಯಲ್ಲ, ನಿಯಮ. ಭಾವನೆ ಹಳಿಯಾಳದವರೆಗೂ ಬಾಳುವುದಿಲ್ಲ. ಹೊತ್ತು ಗೊತ್ತು ಇರುವ, ಕೈಕಾಲಿನಿಂದ ಮಾಡುವ ಒಂದು ಸಣ್ಣ ನಿಯಮ ಇದ್ದರೆ ಅದು ಭಾವನೆಯನ್ನು ಮತ್ತೆ ಮತ್ತೆ ಕರೆತರುತ್ತದೆ.

ಹಾಗಾಗಿ ನನ್ನ ಮನೆಯಲ್ಲಿ ಒಂದು ನಿಯಮ ಇದೆ: ರಾತ್ರಿ ಊಟವಾದ ಮೇಲೆ ಸ್ವಲ್ಪ ಹೊತ್ತು ಎಲ್ಲ ದೀಪ ಆರಿಸಿ ಮಾಳಿಗೆಯ ಮೇಲೆ ಕೂರುವುದು. ಧಾರವಾಡದಲ್ಲಿ ಕುಳಗಿಯ ಕತ್ತಲೆ ಸಿಗುವುದಿಲ್ಲ, ಬೀದಿದೀಪಗಳಿವೆ. ಆದರೂ ಕಣ್ಣಿಗೆ ಒಗ್ಗಲು ಸಮಯ ಕೊಟ್ಟರೆ ಮೊದಲು ಕಾಣದ ನಕ್ಷತ್ರಗಳು ಕಾಣುತ್ತವೆ. ಪಕ್ಕದ ಮನೆಯ ತೆಂಗಿನ ಗರಿಗಳು ಒಂದೊಂದಾಗಿ ಬೇರೆಯಾಗುತ್ತವೆ. ಮನೆಯ ಮಂದಿ ಮಾತಾಡಿದರೆ ದನಿ ತಾನಾಗಿ ತಗ್ಗಿರುತ್ತದೆ. ಬೆಳಕಿನಲ್ಲಿ ಹೇಳಲಾಗದ ಎಷ್ಟೋ ಮಾತುಗಳನ್ನು ಮಗಳು ಅಲ್ಲಿ ಹೇಳಿದ್ದಾಳೆ.

ಎದ್ದು ಒಳಗೆ ಬಂದು ಸ್ವಿಚ್ ಒತ್ತುವಾಗ ಇನ್ನೊಂದು ವಿಚಾರ ಬರುತ್ತದೆ. ಕಾಳಿ ನದಿ ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟಿ, 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಕಡಲು ಸೇರುತ್ತದೆ. ಉತ್ತರ ಕನ್ನಡ ಜಿಲ್ಲೆಯಲ್ಲೇ ಹುಟ್ಟಿ ಅಲ್ಲೇ ಮುಗಿಯುವ ಈ ನದಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟುಗಳ ಸಾಲು. ಅದರ ದಡದಲ್ಲೇ ಕೈಗಾ ಅಣುಸ್ಥಾವರ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಎಂಬ ಊರೇ ಮುಳುಗಿತು. ಅಲ್ಲಿಯ ಜನ ಮನೆ, ಗದ್ದೆ, ದೇವರನ್ನು ಬಿಟ್ಟು ರಾಮನಗರಕ್ಕೆ ಹೋಗಿ ನೆಲೆಸಬೇಕಾಯಿತು. ಆ ನೀರು ನಾಗಝರಿಯಲ್ಲಿ ಚಕ್ರ ತಿರುಗಿಸಿ ವಿದ್ಯುತ್ತಾಗಿ ರಾಜ್ಯದ ಜಾಲ ಸೇರುತ್ತದೆ. ಯಾವ ಕಾಡಿನ ಕತ್ತಲೆಯನ್ನು ನಾನು ಸವಿದು ಬಂದೆನೋ ಆ ಕಾಡೇ ನನ್ನ ಮನೆಯ ಬೆಳಕಿಗೆ ನೀರೆರೆದಿದೆ. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಈಗ ಬಿಲ್ಲಿಗಿಂತ ಮೊದಲು ಸೂಪಾದ ನೆನಪಾಗುತ್ತದೆ. ಶಿಬಿರ ಕೊಟ್ಟ ಅಧ್ಯಾತ್ಮದಲ್ಲಿ ನಾನು ಅತ್ಯಂತ ಬೆಲೆಯುಳ್ಳದ್ದೆಂದು ತಿಳಿದಿರುವುದು ಈ ನೆನಪನ್ನೇ. ಮನಸ್ಸು ತಣ್ಣಗಾಯಿತು ಎನ್ನುವುದು ಒಳ್ಳೆಯದೇ. ಯಾರ ಬಲದಿಂದ ತಣ್ಣಗಿದ್ದೇವೆ ಎಂಬ ಅರಿವು ಅದಕ್ಕಿಂತ ದೊಡ್ಡದು.

ಮಂಗಟ್ಟೆಯ ಪಾಠ ಕೆಲಸಕ್ಕೆ ಬಂದದ್ದು ನಾನು ಎಣಿಸದ ಕಡೆ. ಹಾಸಿಗೆ ಹಿಡಿದ ಹಿರಿಯರಿಗೆ ಊಟ ಮಾಡಿಸಿದವರು ಬಲ್ಲರು: ಗಂಜಿಯ ಒಂದು ಚಮಚ ಬಾಯಿಗೆ ಹೋಗಿ, ಗಂಟಲಲ್ಲಿ ಇಳಿದು, ಮತ್ತೆ ತುಟಿ ತೆರೆಯುವವರೆಗೆ ಎಷ್ಟು ಹೊತ್ತಾಗುತ್ತದೆ ಎಂದು. ಅವ್ವನ ಕೊನೆಯ ವರ್ಷ ಆ ಹೊತ್ತನ್ನು ನಾನು ದಿನಾಲೂ ಕಂಡೆ. ಚಮಚ ಕೈಯಲ್ಲಿ ಹಿಡಿದು ಆಕೆಯ ತುಟಿಯನ್ನೇ ನೋಡುತ್ತ ಕೂತಾಗ ತಾರೆಮರದ ಆ ಸೀಳು ಕಣ್ಣ ಮುಂದೆ ಬರುತ್ತಿತ್ತು. ಒಂದು ಒಳಗೆ ಸೇರಿದ ಮೇಲೆಯೇ ಇನ್ನೊಂದು. ಬಟ್ಟಲು ಬರಿದಾದ ಮೇಲೂ ಒಂದು ಗಳಿಗೆ ಅಲ್ಲೇ ಇರುವುದು. ಆಕೆಗೆ ಆ ಗಳಿಗೆಯಲ್ಲೇ ಮಾತು ಬರುತ್ತಿತ್ತು. ಬಾಯಿ ಒರೆಸಿ ಎದ್ದುಹೋಗಿದ್ದರೆ ಕೇಳದೆ ಉಳಿಯುತ್ತಿದ್ದ ಮಾತು. ತನ್ನ ತವರಿನ ಬಾವಿ, ಸಣ್ಣವಳಿದ್ದಾಗ ಸತ್ತ ತಮ್ಮ, ಯಾವುದೋ ಜಾತ್ರೆಯ ಬಳೆ.

ಕಾಕಾ ಹೇಳಿದ ಮಾತನ್ನು ಊರಿನಲ್ಲಿ ಪಾಲಿಸುವುದು ಇನ್ನೂ ಕಷ್ಟ. ನಾವು ಇಲ್ಲಿ ಇಲ್ಲ ಅಂತ ಎದುರಿನ ಜೀವಕ್ಕೆ ಅನಿಸಬೇಕು. ಮಕ್ಕಳು ತಮ್ಮಷ್ಟಕ್ಕೆ ಆಡುವಾಗ, ಸ್ನೇಹಿತ ದುಃಖ ಹೇಳಿಕೊಳ್ಳುವಾಗ, ಸಂಗೀತಗಾರ ಆಲಾಪದಲ್ಲಿ ಸ್ವರ ಹುಡುಕುವಾಗ ನಮ್ಮ ಅಭಿಪ್ರಾಯ, ನಮ್ಮ ಸಲಹೆ, ನಮ್ಮ ಕ್ಯಾಮೆರಾ ಮುಂದೆ ಬಂದು ನಿಲ್ಲುತ್ತವೆ. ಸ್ವಲ್ಪ ಹಿಂದೆ ಸರಿದು ಬಿದಿರು ಮೆಳೆಯ ಮರೆಯಲ್ಲಿ ಕೂತರೆ ಎದುರಿನದು ತನ್ನ ನಿಜದಲ್ಲಿ ಕಾಣುತ್ತದೆ. ನಮ್ಮ ಧಾರವಾಡದಲ್ಲಿ ಗವಾಯಿಗಳ ಎದುರು ಕೂತು ಕೇಳಿ ಬೆಳೆದ ಹಳೆಯ ಕೇಳುಗರಿಗೆ ಇದು ಗೊತ್ತಿತ್ತು. ಅವರ ‘ಆಹಾ’ ಕೂಡ ಮೆಲ್ಲಗೆ, ಸರಿಯಾದ ಜಾಗದಲ್ಲಿ ಬರುತ್ತಿತ್ತು.

ನಮ್ಮ ಬೀದಿಯ ತಿರುವಿನಲ್ಲಿ ಒಂದು ಅತ್ತಿಮರ ಇದೆ. ಬೇಸಿಗೆಯಲ್ಲಿ ಅದರ ಕಾಂಡದ ತುಂಬ ಗೊಂಚಲು ಗೊಂಚಲಾಗಿ ಹಣ್ಣು. ಟುಕ್ ಟುಕ್ ಎಂದು ಒಂದೇ ಸಮನೆ ಕುಟ್ಟುವ ಪುಟ್ಟ ಕುಟ್ರು ಹಕ್ಕಿ ಅಲ್ಲಿಗೆ ಬರುತ್ತದೆ. ಹಸಿರು ಮೈ, ಹಣೆಯ ಮೇಲೆ ಕೆಂಪು ಬೊಟ್ಟು, ಹಳದಿ ಗಂಟಲು. ಅದೂ ಮರದ ತೂತಿನಲ್ಲಿ ಮರಿ ಮಾಡುವ ಹಕ್ಕಿಯೇ, ಒಣಗಿದ ಕೊಂಬೆಯನ್ನು ತಾನೇ ಕೊರೆದು. ಅದೂ ಮರಿಗೆ ಹಣ್ಣು ಹೊತ್ತು ತರುತ್ತದೆ. ದಾಂಡೇಲಿಯಲ್ಲಿ ಕಂಡದ್ದರ ಚಿಕ್ಕ ರೂಪ ಹಾಲು ತರಲು ಹೋಗುವ ದಾರಿಯಲ್ಲೇ ನಡೆದಿರುತ್ತದೆ. ಕೈಯಲ್ಲಿ ಪಾಕೀಟು ಹಿಡಿದು ಎರಡು ನಿಮಿಷ ನಿಂತರೆ ಸಾಕು.

ಓದುಗರಲ್ಲಿ ನನ್ನದು ಎರಡು ಕೋರಿಕೆ. ಜನವರಿಯಿಂದ ಮೇವರೆಗೆ ಮಂಗಟ್ಟೆಗಳ ಗೂಡಿನ ಕಾಲ. ಆಗ ದಾಂಡೇಲಿಯ ಕಡೆ ಹೋದರೆ ಗೂಡಿನ ಮರದ ಹತ್ತಿರಕ್ಕೆ ಕರೆದೊಯ್ಯಿರಿ ಎಂದು ಗೈಡುಗಳನ್ನು ಒತ್ತಾಯಿಸಬೇಡಿ. ನೀವು ಎದ್ದುಹೋಗುವವರೆಗೆ ಗಂಡು ಹಕ್ಕಿ ದೂರದಲ್ಲೇ ಕೂತಿರುತ್ತದೆ, ಒಳಗಿನವರ ಊಟ ಅಷ್ಟು ಹೊತ್ತು ತಡವಾಗುತ್ತದೆ. ಎರಡನೆಯದು ಊರಿನ ಮಾತು. ಅತ್ತಿ, ಬಸರಿ, ಗೋಣಿ ಮರಗಳ ದಿಮ್ಮಿಗೆ ಹೆಚ್ಚು ಬೆಲೆ ಬರುವುದಿಲ್ಲ, ಹಣ್ಣು ಬಿದ್ದು ರಸ್ತೆ ಗಲೀಜಾಗುತ್ತದೆ ಎಂದು ಜನ ಗೊಣಗುತ್ತಾರೆ. ಹೀಗಾಗಿ ಅವುಗಳ ಪರವಾಗಿ ಮಾತಾಡುವವರು ಕಡಿಮೆ. ನಿಮ್ಮ ಬೀದಿಯಲ್ಲಿ ಅಂಥ ಒಂದು ಮರ ಇದ್ದು, ಅದಕ್ಕೆ ಕೊಡಲಿ ಬೀಳುವ ಮಾತು ಬಂದರೆ, ದಯವಿಟ್ಟು ನೀವು ಮಾತಾಡಿ.